ಜೊಲ್ಲು ಸೋರುವ ಆಕಳಿಗೆ ಹಸಿ ಜೋಳದ ಮೇವು ಹಾಕಬಹುದಾ?

ಅಣ್ಣಾರ, ಕೋಡು ತಿವಿದು ನಿಮ್ಮ ಆಕಳ ಕೆನ್ನೆಯ ಜೊಲ್ಲಿನ ನಾಳ ಹರಿದಿದೆ, ಯೂರಿಯಾ ಹಾಕಿ ಬೆಳೆದ ಹಸಿ ಜೋಳವನ್ನು ಅದಕ್ಕೆ ವರ್ಷಪೂರ್ತಿ ಹಾಕಬಹುದಾ ಅಂತ ಕೇಳಿದ್ದೀರಿ. ಮೇಲೆ ಒಬ್ಬರು, ಜೊಲ್ಲು ಹೊಟ್ಟೆಗೆ ಹೋಗದಿದ್ದರೆ ನೈಟ್ರೇಟ್ (ಯೂರಿಯಾ ಹಾಕಿದ ಮೇವಿನಲ್ಲಿ ಸೇರಿಕೊಳ್ಳುವ ಲವಣ) ವಿಷ ಏರಲ್ಲ ಅಂದಿದ್ದಾರೆ. ದಯವಿಟ್ಟು ಅದನ್ನು ನಂಬಬೇಡಿ. ಅದು ಮನುಷ್ಯರ ಲೆಕ್ಕ. ನಾವು ತಿಂದ ನೈಟ್ರೇಟಿನಲ್ಲಿ ಸುಮಾರು 25% ಜೊಲ್ಲಿಗೆ ಬರುತ್ತದೆ, ನಾಲಿಗೆ ಮೇಲಿನ ಸೂಕ್ಷ್ಮಾಣುಗಳು ಅದನ್ನು ನೈಟ್ರೈಟ್ ಮಾಡುತ್ತವೆ. ಈ ನೈಟ್ರೈಟ್ ಜಾಸ್ತಿಯಾದರೇ ರಕ್ತ ಕೆಡುವುದು. ಆಕಳಲ್ಲಿ ಆ ಕೆಲಸ ಮೊದಲ ಹೊಟ್ಟೆಯಲ್ಲೇ ನಡೆಯುತ್ತದೆ. ಜೊಲ್ಲು ಸೋರಿ ಹೋದರೂ ಅದು ನಿಲ್ಲಲ್ಲ.

ನಿಮ್ಮ ಆಕಳಿಗೆ ತೊಂದರೆ ಇನ್ನೂ ಜಾಸ್ತಿ. ದೊಡ್ಡ ಆಕಳು ದಿನಕ್ಕೆ 100 ಲೀಟರಿಗೂ ಹೆಚ್ಚು ಜೊಲ್ಲು ನುಂಗುತ್ತದೆ. ಅದರಲ್ಲಿರುವ ಸೋಡಾ ಹೊಟ್ಟೆಯ ಹುಳಿ ತಗ್ಗಿಸುತ್ತದೆ. ನೈಟ್ರೇಟ್ ಮೇವಿನ ಜೊತೆ ಗೋವಿನಜೋಳದ ನುಚ್ಚು ಕೊಟ್ಟರೆ ನೈಟ್ರೈಟ್ ಬೇಗ ಅಮೋನಿಯಾ ಆಗುತ್ತದೆ, ಅದು ನಿಜ. ಆದರೆ ಈ ಆಕಳಿಗೆ ಒಮ್ಮೆಲೇ ನುಚ್ಚು ಸುರಿದರೆ ಹುಳಿ ಏರಿ ಮೆಲಕು ನಿಲ್ಲಬಹುದು. ಸ್ವಲ್ಪ ಸ್ವಲ್ಪ, ನೆನೆಸಿ, ನಾಲ್ಕು ಸಲ ಹಂಚಿ ಕೊಡಿ. ಅಡುಗೆ ಸೋಡಾ ಎಷ್ಟು ಅಂತ ಡಾಕ್ಟ್ರೇ ಹೇಳಲಿ.

ಎರಡು ವರ್ಷದ ಹಿಂದೆ ನಮ್ಮ ರೋಣದ ಹೊಲದಲ್ಲಿ ಜೋಳ ಬಾಡಿತ್ತು. ಮಳೆ ಬಿದ್ದ ಮೂರನೇ ದಿನ ಕೊಯ್ದು ಎಮ್ಮೆಗೆ ಹಾಕಿದೆ. ಸಂಜೆಗೆ ಏದುಸಿರು, ಒಸಡು ನೀಲಿ. ಡಾಕ್ಟ್ರು ಸೂಜಿ ಚುಚ್ಚಿದಾಗ ಬಂದ ರಕ್ತ ಕೆಂಪಿರಲಿಲ್ಲ, ಹಾಲು ಹಾಕದ ಚಹಾದ ಬಣ್ಣ. ಮೆಥಿಲೀನ್ ಬ್ಲೂ ನರಕ್ಕೆ ಕೊಟ್ಟ ಮೇಲೆ ಎಮ್ಮೆ ಉಳಿಯಿತು. ಆದರೆ ಗಬ್ಬ ಇದ್ದ ಅದು ವಾರದೊಳಗೆ ಕಂದು ಹಾಕಿತು. ಆ ಗೋದಲಿ ಮುಂದೆ ನಿಂತಾಗ ಈಗಲೂ ಹೊಟ್ಟೆ ಕಿವುಚುತ್ತದೆ.

ಹಾಗಾಗಿ ಬರದ ನಂತರದ ಮಳೆಗೆ ಒಂದು ವಾರ ಕೊಯ್ಯಬೇಡಿ. ನೈಟ್ರೇಟ್ ಕಾಂಡದ ಬುಡದಲ್ಲಿ ಜಾಸ್ತಿ, ಒಂದು ಅಡಿ ಬಿಟ್ಟು ಕೊಯ್ಯಿರಿ. ಒಣಗಿಸಿದರೆ ಎಳೆ ಜೋಳದ ಇನ್ನೊಂದು ವಿಷವಾದ ಸಯನೈಡ್ ಕಡಿಮೆಯಾಗುತ್ತದೆ, ನೈಟ್ರೇಟ್ ಹಾಗೇ ಉಳಿಯುತ್ತದೆ. ಸೈಲೇಜ್ (ಗಾಳಿ ಆಡದಂತೆ ಮುಚ್ಚಿ ಹುಳಿ ಬರಿಸಿದ ಮೇವು) ಮಾಡಿದರೆ ನೈಟ್ರೇಟ್ ಸುಮಾರು ಅರ್ಧ ಇಳಿಯುತ್ತದೆ. ಪರೀಕ್ಷೆ ಮಾಡಿಸಿದರೆ ಒಣ ಲೆಕ್ಕದಲ್ಲಿ ನೈಟ್ರೇಟ್ 0.5% ಒಳಗಿರಲಿ. ಹಾನಗಲ್ ಕಡೆಯ ಭತ್ತದ ಹುಲ್ಲು ಸಿಕ್ಕರೆ ನೀರು ಚಿಮುಕಿಸಿ ಅರ್ಧಕ್ಕರ್ಧ ಬೆರೆಸಿ, ಒಣ ಹುಲ್ಲು ಈ ಆಕಳಿಗೆ ನುಂಗಲು ಕಷ್ಟ. ಎರಡು ವಾರ ನಿಧಾನವಾಗಿ ರೂಢಿ ಮಾಡಿ. ಹಸಿದ ದನಕ್ಕೆ ಒಮ್ಮೆಲೇ ಹಾಕಿದಾಗಲೇ ಜೀವ ಹೋಗುವುದು.

ಉಸಿರು ಏರಿದರೆ ಓಡಾಡಿಸಬೇಡಿ. ಮೇವು ತೆಗೆದು ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಆಕಳು ಗಬ್ಬ ಇದೆಯಾ? ನಾಳ ಹೊಲಿಸಿದ್ದೀರಾ? ಗಾಯದ ಫೋಟೋ ಹಾಕಿ, ನೋಡೋಣ.