ವಯೊಲಿನ್ ಶುರು ಮಾಡಿ ನಾಲ್ಕು ತಿಂಗಳಾದ ಮಕ್ಕಳಿಗೆ ಕ್ರಿಸ್ಮಸ್ ಹಾಡು ಕಲಿಸಿದ್ರೆ ಬೇಸಿಕ್ ಹಾಳಾಗ್ತದಾ?

ಹಾಳಾಗುದಿಲ್ಲ ಮಾರ್ರೆ, ಧೈರ್ಯವಾಗಿ ಕಲಿಸಿ. ಆದ್ರೆ ಯಾವ ಹಾಡು ಅಂತ ಆರಿಸುದು ಟೀಚರ್ ಆದ ನೀವು, ಪೇರೆಂಟ್ಸ್ ಅಲ್ಲ. ಹೆಸರು ನೋಡಿ ಆರಿಸ್ಬೇಡಿ, ಬೆರಳು ನೋಡಿ ಆರಿಸಿ.

ನಾನು ಮಂಗಳೂರಿನ ಬೆಂದೂರ್ ಹತ್ರ ಮನೆಯಲ್ಲೇ ಕ್ಲಾಸ್ ಮಾಡುದು, ನಿಮ್ಮ ಹಾಗೇ ವೆಸ್ಟರ್ನ್, ನಿಮ್ಮ ಉಡುಪಿ ಮಕ್ಕಳ ಹಾಗೆ ಇವ್ರೂ ಜೂನಲ್ಲಿ ಸೇರಿದವ್ರೇ ಹೆಚ್ಚು. ಮೊದಲ ವರ್ಷ ಒಬ್ರು ತಾಯಿ ಕೇಳಿದ್ರು ಅಂತ ಸೈಲೆಂಟ್ ನೈಟ್ ಹಿಡ್ಕೊಂಡೆ, ನಿಧಾನದ ಹಾಡಲ್ವಾ ಸುಲಭ ಆಗ್ತದೆ ಅಂತ. ಅಲ್ಲೇ ತಪ್ಪಿದ್ದು. ನಿಧಾನದ ಹಾಡಿಗೆ ಬೋ (ಕಮಾನು) ಕೂಡ ನಿಧಾನ ಎಳೀಬೇಕು, ನಾಲ್ಕು ತಿಂಗಳ ಮಗುವಿನ ಕೈ ಅರ್ಧ ದಾರಿಯಲ್ಲೇ ನಡುಗ್ತದೆ, ಬೋ ತಂತಿ ಎತ್ತಿ ಹಿಡಿಯುವ ಬ್ರಿಡ್ಜಿನ ಹತ್ರ ನಿಲ್ಲದೆ ಬೆರಳಿಡುವ ಫಿಂಗರ್‌ಬೋರ್ಡ್ ಕಡೆ ಜಾರ್ತದೆ. ಅದೂ ಸಾಲ್ದು ಅಂತ ಡಿ ಮೇಜರಲ್ಲಿ, ಅಂದ್ರೆ ಡಿ ಸ್ವರವನ್ನೇ ಸ ಮಾಡ್ಕೊಂಡು ನುಡಿಸಿದ್ರೆ ಕೊನೆಗೆ ಮೇಲೆ ಹತ್ತುವಲ್ಲಿ ಇ ತಂತಿಯ ಜಿ ಸ್ವರ ಬರ್ತದಲ್ಲ, ಅಲ್ಲಿ ಎರಡನೇ ಬೆರಳು ಮೊದಲನೇ ಬೆರಳಿಗೆ ಅಂಟಿ ಕೂರ್ಬೇಕು, ಮಕ್ಕಳು ಅಷ್ಟರವರೆಗೆ ಎ ತಂತಿಯಲ್ಲಿ ಅದೇ ಬೆರಳನ್ನು ದೂರ ಇಟ್ಟು ಅಭ್ಯಾಸ ಮಾಡಿದವ್ರು. ಪ್ರೋಗ್ರಾಂ ದಿನ ಆರು ವಯೊಲಿನಿಂದ ಆರು ತರದ ಜಿ ಬಂತು. ನಾನು ಪಿಯಾನೊ ಜೋರು ಬಾರಿಸಿ ಮುಚ್ಚಿಹಾಕಿದೆ.

ಮರುವರ್ಷದಿಂದ ಜಿಂಗಲ್ ಬೆಲ್ಸ್, ಅದೂ ಕೋರಸ್ ಮಾತ್ರ. ಡಿ ಮೇಜರಲ್ಲಿ ಇಡೀ ಕೋರಸ್ ಡಿ ಯಿಂದ ಎ ತನಕ ಐದೇ ಸ್ವರದೊಳಗೆ ಮುಗೀತದೆ, ಮೂರು ಬೆರಳು ಮತ್ತೆ ಬೆರಳು ಇಡದೆ ನುಡಿಸುವ ಎರಡು ಖಾಲಿ ತಂತಿ, ಅಷ್ಟೇ. ಸಂಗೀತ ಗೊತ್ತಿರುವ ಅಜ್ಜಿ ಮನೆಯಲ್ಲಿದ್ರೆ ಗ ಗ ಗಾ, ಗ ಗ ಗಾ, ಗ ಪ ಸಾ ರಿ ಗಾ ಅಂತ ಬರ್ದು ಕೊಡಿ, ಅವ್ರೇ ಮನೆಯಲ್ಲಿ ತಿದ್ತಾರೆ. ಒಂದೇ ಸ್ವರ ಮತ್ತೆ ಮತ್ತೆ ಬರುದ್ರಿಂದ ಎಡಗೈ ಸುಮ್ನೆ ಕೂತಿರ್ತದೆ, ಮಗುವಿನ ಗಮನ ಪೂರ್ತಿ ಬೋ ಕಡೆ ಹೋಗ್ತದೆ, ನಮಗೆ ಬೇಕಾದ್ದೂ ಅದೇ ಅಲ್ವಾ.

ಆದ್ರೆ ಇಲ್ಲೊಂದು ಕಡೆ ಎಲ್ಲ ಮಕ್ಕಳೂ ಎಡವ್ತಾರೆ. ಮೊದಲ ಬಾರ್, ಅಂದ್ರೆ ತಾಳದ ಮೊದಲ ಸುತ್ತು, ಬೋ ಕೆಳಗೆ, ಮೇಲೆ, ಕೆಳಗೆ ಅಂತ ಹೋಯ್ತಾ, ಮೂರೇ ಸ್ವರ ಇರುದ್ರಿಂದ ಎರಡನೇ ಬಾರ್ ಅಪ್ ಬೋದಲ್ಲಿ ಶುರುವಾಗ್ಬೇಕು. ಮಕ್ಕಳಿಗೆ ಅದು ಇಷ್ಟ ಇಲ್ಲ, ಟಪಕ್ಕಂತ ಬೋ ಎತ್ತಿ ಮತ್ತೆ ಬುಡಕ್ಕೆ ತಂದು ಕೆಳಗೆಳೀತಾರೆ. ನಾನು ವಯೊಲಿನ್ ಕೆಳಗಿಡ್ಲಿಕ್ಕೆ ಹೇಳಿ, ಬೋ ಒಂದನ್ನೇ ಗಾಳಿಯಲ್ಲಿ ಹಿಡಿದು ಎರಡು ಬಾರ್ ಹಾಡ್ತಾ ಆಡಿಸ್ಲಿಕ್ಕೆ ಹೇಳ್ತೇನೆ, ಉದ್ದ ಸ್ವರಕ್ಕೆ ಪೂರ್ತಿ ಬೋ ಖರ್ಚು ಮಾಡ್ಲೇಬೇಕು ಅಂತ ಕಂಡಿಷನ್. ಒಂದು ವಾರ ಇದನ್ನೇ ಮಾಡಿಸಿ, ಬೇಜಾರಾದ್ರೂ ಬಿಡ್ಬೇಡಿ.

ಹಬ್ಬದ ಹಾಡಿನ ದೊಡ್ಡ ಲಾಭ ಎಂತ ಗೊತ್ತುಂಟಾ, ರಾಗ ಮೊದಲೇ ಕಿವಿಯಲ್ಲಿರ್ತದೆ. ಬೆರಳು ಜಾಗ ತೋರಿಸ್ಲಿಕ್ಕೆ ಅಂಟಿಸಿದ ಟೇಪಿನಿಂದ ಚೂರು ಆಚೆ ಬಿದ್ರೂ ಮಗು ತಾನೇ ಮುಖ ಸಿಂಡರಿಸಿ ಸರಿ ಮಾಡ್ಕೊಳ್ತದೆ, ಸ್ಕೇಲ್ ನುಡಿಸುವಾಗ ಅದು ಆಗುದಿಲ್ಲ. ಸಾ ರಿ ಗಾ ಅಂತ ಬರುವಲ್ಲಿ ಡಾಟೆಡ್ ನೋಟ್, ಅಂದ್ರೆ ಒಂದೂವರೆ ಪಟ್ಟು ಉದ್ದದ ಸ್ವರ ಉಂಟು, ನಾನು ಇವತ್ತಿನವರೆಗೆ ಅದನ್ನು ಕಲಿಸ್ಲೇ ಇಲ್ಲ, ತನ್ನಿಂದ ತಾನೇ ಬರ್ತದೆ. ನಷ್ಟವೂ ಅಲ್ಲೇ ಉಂಟು, ರಾಗ ಗೊತ್ತಿದ್ದ ಮಗು ನೋಟ್ಸ್ ಕಡೆ ತಲೆಯೇ ಎತ್ತುದಿಲ್ಲ. ಹಾಗಾಗಿ ಓದುವ ಪಾಠಕ್ಕೆ ಗೊತ್ತಿಲ್ಲದ ಟ್ಯೂನ್ ಬೇರೆಯೇ ಇಟ್ಕೊಳ್ಳಿ, ಎರಡನ್ನೂ ಒಂದೇ ಹಾಡಲ್ಲಿ ಮಾಡ್ಲಿಕ್ಕೆ ಹೋಗ್ಬೇಡಿ.

ಡಿ ಮೇಜರ್ ಸ್ಕೇಲ್ ಗಟ್ಟಿ ಇರುವ ಒಬ್ರಿಬ್ರಿದ್ರೆ ಜಾಯ್ ಟು ದ ವರ್ಲ್ಡ್ ಕೊಡಿ, ಮೊದಲ ಸಾಲು ಅಂದ್ರೆ ಸ ನಿ ದ ಪ ಮ ಗ ರಿ ಸ, ಸ್ಕೇಲನ್ನು ಮೇಲಿಂದ ಇಳಿಸಿದ್ದೇ.

ನಿಮ್ಮ ಇನ್ನೊಂದು ಪ್ರಶ್ನೆ, ಹಿಂದೂ, ಬ್ಯಾರಿ (ಕರಾವಳಿಯ ಮುಸ್ಲಿಂ) ಮಕ್ಕಳ ಮನೆಯವ್ರು ಎಂತ ಹೇಳಿಯಾರು ಅಂತ. ನನಗೆ ಒಮ್ಮೆ ಒಬ್ರು ಕೇಳಿದ್ರು, ನಾನು ಜಿಂಗಲ್ ಬೆಲ್ಸಿನ ಪದ್ಯ ಓದಿ ತೋರಿಸಿದೆ. 1857ರಲ್ಲಿ ಪ್ರಿಂಟಾದ ಹಾಡು ಅದು, ಕ್ರಿಸ್ಮಸ್ ಅನ್ನುವ ಶಬ್ದವೇ ಇಲ್ಲ, ಬರೀ ಹಿಮದ ಮೇಲೆ ಕುದುರೆ ಗಾಡಿ. ಅವ್ರು ನಕ್ಕು, ನಮ್ಮೂರಲ್ಲಿ ಹಿಮ ಫ್ರಿಜ್ಜಲ್ಲಿ ಮಾತ್ರ ಅಂತ ಹೇಳಿ ಹೋದ್ರು. ಆದ್ರೆ ಕ್ರಿಸ್ಮಸ್ ಒಂದೇ ಮಾಡಿದ್ರೆ ಅನ್ಯಾಯವೇ, ಅದಕ್ಕೆ ನಾನು ನವರಾತ್ರಿಯಿಂದ ಶುರು ಮಾಡ್ತೇನೆ. ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳಲ್ಲಿ, ಅಂದ್ರೆ ವೆಸ್ಟರ್ನ್ ಟ್ಯೂನಿಗೆ ಬರ್ದ ಸಂಸ್ಕೃತ ಹಾಡುಗಳಲ್ಲಿ, ಶ್ಯಾಮಲೇ ಮೀನಾಕ್ಷಿ ಉಂಟಲ್ಲ, ದೇವಿ ಹಾಡು, ಟ್ಯೂನ್ ನಮ್ಮ ಟ್ವಿಂಕಲ್ ಟ್ವಿಂಕಲ್‌ನದ್ದೇ. ಖಾಲಿ ಡಿ ಎರಡು, ಖಾಲಿ ಎ ಎರಡು, ಎ ಮೇಲೆ ಮೊದಲ ಬೆರಳು ಎರಡು, ಮತ್ತೆ ಖಾಲಿ ಎ. ಕುದ್ರೋಳಿ ದಸರಾ ನೋಡಿ ಬಂದ ಮಗು ಮರುದಿನ ದೇವಿ ಹಾಡು ಅಂತ ನುಡಿಸ್ತದೆ, ಪಕ್ಕದ ಮಗು ಅದನ್ನೇ ಸ್ಟಾರ್ ಹಾಡು ಅಂತದೆ, ಇಬ್ರಿಗೂ ಜಗಳ.

ಶುರು ಮಾಡುದು ಅಕ್ಟೋಬರಲ್ಲೇ ಮಾಡಿ, ಡಿಸೆಂಬರ್ ಬಂದ್ರೆ ಅರ್ಧ ಮಕ್ಕಳು ಸ್ಕೂಲ್‌ಡೇ ಡಾನ್ಸಿಗೆ, ಇನ್ನರ್ಧ ಮನೆಯಲ್ಲಿ ಕುಸ್ವಾರ್ (ಕ್ರಿಸ್ಮಸ್ ತಿಂಡಿ) ಮಾಡ್ಲಿಕ್ಕೆ ಕೂತಿರ್ತಾರೆ. ಮತ್ತೆ ತಂತಿ ಬಿಗಿ ಮಾಡುವ ಪೆಗ್ ವಿಷಯ. ಮಳೆಗಾಲದಲ್ಲಿ ಉಬ್ಬಿ ತಿರುಗದೆ ಸತಾಯಿಸಿದ ಪೆಗ್ಗೇ ಡಿಸೆಂಬರಿನ ಒಣ ಗಾಳಿಗೆ ಸಡಿಲಾಗಿ ಜರ್ರಂತ ಬಿಟ್ಕೊಳ್ತದೆ, ತಿರುಗಿಸುವಾಗ ಒಳಗೆ ಒತ್ತಿ ತಿರುಗಿಸಿ, ಸ್ಟೇಜಿಗೆ ಹೋಗುವ ಮೊದ್ಲು ಎಂಟು ವಯೊಲಿನ್ ಟ್ಯೂನ್ ಮಾಡ್ಲಿಕ್ಕೆ ಅರ್ಧ ಗಂಟೆ ಇಟ್ಕೊಳ್ಳಿ.

ಹಾಂ, ಬೆರಳು ಇನ್ನೂ ಇಡ್ಲಿಕ್ಕೆ ಬಾರದ ಮಗುವನ್ನು ಹೊರಗೆ ಕೂರಿಸ್ಬೇಡಿ. ಜಿಂಗಲ್ ಬೆಲ್ಸ್ ಕೋರಸಿಗೆ ಮೊದಲ ಆರು ಬಾರ್ ಖಾಲಿ ಡಿ, ಮತ್ತೆ ಎರಡು ಬಾರ್ ಖಾಲಿ ಎ, ಎರಡನೇ ಸಲ ಕೊನೆಯ ಬಾರ್ ಮಾತ್ರ ಡಿ. ಹೋದ ವರ್ಷ ಹಾಗೆ ನುಡಿಸಿದ ಹುಡುಗನ ಅಪ್ಪ ವಿಡಿಯೊ ತೆಗ್ದು, ಮಗ ಲೀಡ್ ಅಂತ ಫ್ಯಾಮಿಲಿ ಗ್ರೂಪಿಗೆ ಹಾಕಿದ್ರು.