ಒಂದೇ ದಿನಕ್ಕೆ ಮೂರು ಮ್ಯೂಸಿಯಂ ಜಾಸ್ತಿಯಾಯಿತು

ಆರು ಮತ್ತು ಹತ್ತು ವರ್ಷದ ಮಕ್ಕಳ ಜೊತೆ ಒಂದೇ ದಿನ ಮೂರು ಮ್ಯೂಸಿಯಂ ನೋಡಬಹುದಾ ಅಂತ ಕೇಳಿದ್ದೀರಿ. ನೋಡಬಹುದು. ಆದರೆ ಮೂರನೆಯದರಲ್ಲಿ ನೀವು ನೋಡುವುದು ಮಕ್ಕಳ ಅಳುಮುಖವನ್ನಷ್ಟೇ! ಒಂದು ಸಾಕು. ಅದೂ ಬೆಳಗ್ಗೆ ಬಾಗಿಲು ತೆರೆದ ಕೂಡಲೇ, ಒಂದೂವರೆ ಗಂಟೆ. ವಾರದ ರಜೆ ಯಾವತ್ತು ಅಂತ ಮೊದಲೇ ನೋಡಿಕೊಳ್ಳಿ.

ಎಲ್ಲ ಕೋಣೆ ಸುತ್ತಲೇಬೇಕು ಅನ್ನುವ ಹಟ ಬಿಡಿ. ನಾನು ಮೊದಲು ಹೋಗುವುದು ಪೋಸ್ಟ್‌ಕಾರ್ಡ್ ಮಾರುವ ಕಡೆಗೆ. ಮಕ್ಕಳು ತಲಾ ಎರಡು ಕಾರ್ಡ್ ಆರಿಸುತ್ತಾರೆ, ಆಮೇಲೆ ಅದರಲ್ಲಿರುವ ವಸ್ತುವನ್ನು ಹುಡುಕುವುದೇ ಆಟ. ಒಮ್ಮೆ ನನ್ನ ಮಗಳು ಹಳೇ ಮಡಕೆಯೊಂದರ ಮುಂದೆ ಕುಕ್ಕರಗಾಲಲ್ಲಿ ಕೂತು, ಕಾರ್ಡನ್ನು ಗಾಜಿನ ಪಕ್ಕ ಹಿಡಿದು, "ಇದರಲ್ಲಿ ಬಿರುಕೇ ಕಾಣ್ತಿಲ್ಲ, ಮೋಸ!" ಅಂದಳು. ಹತ್ತು ನಿಮಿಷ ಏಳಲಿಲ್ಲ. ನಾನು ಸುಮ್ನೆ ಫಲಕ ಓದಿ ಹೇಳಿದ್ದರೆ ಹತ್ತು ಸೆಕೆಂಡೂ ನಿಲ್ಲುತ್ತಿರಲಿಲ್ಲ.

ಹಳೇ ಬಟ್ಟೆ, ಕಾಗದದ ಚಿತ್ರಗಳ ಕೋಣೆ ಮಬ್ಬಾಗಿರುತ್ತದೆ, ಚಿಕ್ಕವನು ಹೆದರಬಹುದು. ಬೆಳಕಿಗೆ ಬಣ್ಣ ಮಾಸುತ್ತದೆ, ಅದಕ್ಕೇ ಸಾಮಾನ್ಯವಾಗಿ 50 ಲಕ್ಸ್ (ಬೆಳಕು ಅಳೆಯುವ ಮಾನ) ಆಸುಪಾಸಿನ ಬೆಳಕಷ್ಟೇ ಇಡುತ್ತಾರೆ ಅಂತ ಮೊದಲೇ ಹೇಳಿಡಿ. ಹೆಸರು ದೊಡ್ಡದಾದರೆ ವಸ್ತುವೂ ದೊಡ್ಡದಿರಬೇಕಿಲ್ಲ ಅನ್ನುವುದನ್ನೂ ಹೇಳಿ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ‌ನಲ್ಲಿರುವ ಮೊನಾಲಿಸಾ ಬರೀ 77 ಸೆಂ.ಮೀ. ಎತ್ತರ, 53 ಸೆಂ.ಮೀ. ಅಗಲ. ಗುಂಪಿನ ಹಿಂದೆ ನಿಂತ ಮಗುವಿಗೆ ಕಾಣುವುದು ಬೆನ್ನುಗಳೇ, ಅಲ್ವಾ?

ದೊಡ್ಡ ಬ್ಯಾಗ್ ಬೇಡ, ಎಷ್ಟೋ ಕಡೆ ಬಾಗಿಲಲ್ಲೇ ಇಡಿಸಿಕೊಳ್ಳುತ್ತಾರೆ. ಒಳಗೆ ಹೋದ ತಕ್ಷಣ ಟಾಯ್ಲೆಟ್ ಎಲ್ಲಿದೆ ಅಂತ ನೋಡಿಟ್ಟುಕೊಳ್ಳಿ.