80 ಜಿಬಿ ಖಾಲಿ ಇದ್ದರೂ ‘ಜಾಗ ಇಲ್ಲ’ ಅಂತಿದೆ ಕಂಪ್ಯೂಟರ್!

ಪ್ರಶ್ನೆ: ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತೇನೆ ಸರ್. ಆಫೀಸಿನ ಹಳೇ ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಉಬುಂಟು ಇದೆ. ಚೀಲದ ಲೇಬಲ್ ಮಾಡಲು ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಹಾಕೋಣ ಅಂದರೆ ಜಾಗ ಸಾಲದು ಅಂತ ನಿಂತುಬಿಡುತ್ತದೆ. ಹೋಮ್‌ನಲ್ಲಿ ನೋಡಿದರೆ 80 ಜಿಬಿ ಖಾಲಿ! ಹಳೇ ಫೋಟೊ, ವಿಡಿಯೊ ಎಲ್ಲಾ ಅಳಿಸಿದೆ, ಏನೂ ಬದಲಾಗಲಿಲ್ಲ.

ಉತ್ತರ: ಅಯ್ಯೋ, ಫೋಟೊ ಸುಮ್ನೆ ಹೋದವಲ್ಲ. ಭತ್ತದ ಗೋಡೌನ್ ತುಂಬಿದೆ ಅಂತ ತೌಡಿನ ಕೋಣೆ ಖಾಲಿ ಮಾಡಿದ ಹಾಗಾಯಿತು. ನಿಮ್ಮ ಡಿಸ್ಕ್ ಒಂದೇ, ಆದರೆ ಒಳಗೆ ಗೋಡೆ ಹಾಕಿ ಎರಡು ಪಾರ್ಟಿಶನ್ ಮಾಡಿದ್ದಾರೆ ಅನ್ನಿಸುತ್ತದೆ. ನಿಮ್ಮ ಫೈಲುಗಳು ಹೋಮ್‌ನಲ್ಲಿ, ಸಾಫ್ಟ್‌ವೇರ್ ಕೂರುವುದು ರೂಟ್‌ನಲ್ಲಿ.

ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆದು ‘ಡಿಎಫ್ -ಎಚ್’ ಕೊಡಿ (ಇಲ್ಲಿನ ಕಮಾಂಡ್‌ಗಳನ್ನೆಲ್ಲ ಇಂಗ್ಲಿಷ್ ಸಣ್ಣಕ್ಷರದಲ್ಲೇ ಟೈಪ್ ಮಾಡಬೇಕು). ಯಾವ ಸಾಲಿನ ಕೊನೆಯಲ್ಲಿ ಬರೀ ಒಂದು ಓರೆ ಗೀಟು ಇದೆಯೋ ಅದೇ ರೂಟ್. ಅಲ್ಲಿ 98, 100 ಪರ್ಸೆಂಟ್ ಅಂತಿದ್ದರೆ ಕಾಯಿಲೆ ಸಿಕ್ಕಿತು.

ಇನ್ನೊಂದು ಮಾತು. ಸಾಫ್ಟ್‌ವೇರ್ ಹಾಕುವ ಕಮಾಂಡ್ ‘ಆಪ್ಟ್’ನಲ್ಲಿ ಇನ್‌ಸ್ಟಾಲ್ ಮಾಡುವಾಗ ‘ವೈ’ ಒತ್ತುವ ಮೊದಲು ಎರಡು ಅಂಕಿ ತೋರಿಸುತ್ತದೆ, ಯಾರೂ ಓದುವುದಿಲ್ಲ. ಮೊದಲನೆಯದು ಡೌನ್‌ಲೋಡ್ ಎಷ್ಟು ಅಂತ, ಎರಡನೆಯದು ಬಿಚ್ಚಿದ ಮೇಲೆ ಎಷ್ಟು ಜಾಗ ತಿನ್ನುತ್ತದೆ ಅಂತ. ಮೊದಲನೆಯದು 100 ಎಂಬಿ, ಎರಡನೆಯದು 400 ಅಂತಿಟ್ಟುಕೊಳ್ಳಿ, ಆಗ 400 ಸಾಲದು, 500 ಬೇಕು. ಯಾಕೆಂದರೆ ಬಿಚ್ಚುವ ಹೊತ್ತಿನಲ್ಲಿ ಮೂಟೆಯೂ ಅಲ್ಲೇ ಇರುತ್ತದೆ, ಮಾಲೂ ಅಲ್ಲೇ ಇರುತ್ತದೆ.

ಈಗ ರೂಟ್ ಖಾಲಿ ಮಾಡೋಣ. ‘ಸುಡೊ ಆಪ್ಟ್ ಕ್ಲೀನ್’ (‘ಸುಡೊ’ ಅಂದರೆ ಅಡ್ಮಿನ್ ಅಧಿಕಾರದಲ್ಲಿ ಓಡಿಸು ಅಂತ) ಕೊಟ್ಟರೆ ಹಿಂದೆ ಡೌನ್‌ಲೋಡ್ ಆಗಿ ಉಳಿದ ಮೂಟೆಗಳು ಹೋಗುತ್ತವೆ. ‘ಆಪ್ಟ್’ನ ಹಳೇ ರೂಪ ‘ಆಪ್ಟ್-ಗೆಟ್’ ಬಳಸುವ ರೂಢಿ ಇದ್ದರೆ ಇಲ್ಲೇ ಜಾಸ್ತಿ ಸಿಗುತ್ತದೆ, ಅದು ಇನ್‌ಸ್ಟಾಲ್ ಆದ ಮೇಲೂ ಮೂಟೆ ಎಸೆಯುವುದಿಲ್ಲ. ಆಮೇಲೆ ‘ಸುಡೊ ಆಪ್ಟ್ ಆಟೊರಿಮೂವ್’. ಇದು ಹಳೇ ಕರ್ನಲ್‌ಗಳನ್ನೂ (ಸಿಸ್ಟಂನ ತಿರುಳು) ಯಾರಿಗೂ ಬೇಡವಾದ ಪ್ಯಾಕೇಜುಗಳನ್ನೂ ತೆಗೆಯುತ್ತದೆ. ಆದರೆ ಪಟ್ಟಿ ಓದಿಯೇ ‘ವೈ’ ಒತ್ತಿ. ಸಿಸ್ಟಂ ತನ್ನ ಆಗುಹೋಗು ಬರೆದಿಡುವ ಲಾಗ್‌ಗಳೂ ಕಮ್ಮಿಯೇನಲ್ಲ, ಅದರಲ್ಲಿ ಜರ್ನಲ್ ಅನ್ನುವ ಲಾಗ್ ಒಂದೇ ಪಾರ್ಟಿಶನ್ನಿನ 10 ಪರ್ಸೆಂಟ್‌ವರೆಗೆ, ಗರಿಷ್ಠ 4 ಜಿಬಿ, ಬೆಳೆಯಬಹುದು. ‘ಸುಡೊ ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=200ಎಂ’ ಕೊಟ್ಟರೆ ಹಳೇ ಲಾಗ್ ಇಳಿಯುತ್ತದೆ (ಕೊನೆಯ ‘ಎಂ’ ಮಾತ್ರ ದೊಡ್ಡಕ್ಷರ).

ದಯವಿಟ್ಟು ಫೈಲ್ ಮ್ಯಾನೇಜರಿನಲ್ಲಿ ರೂಟ್‌ಗೆ ಹೋಗಿ ‘ಇದು ದೊಡ್ಡದಿದೆ’ ಅಂತ ಕೈಯಿಂದ ಅಳಿಸಬೇಡಿ. ನಾನು ಒಮ್ಮೆ ಹಾಗೆ ಮಾಡಿ ಇಡೀ ಭಾನುವಾರ ಕಳೆದುಕೊಂಡಿದ್ದೇನೆ.

ಇನ್‌ಸ್ಟಾಲ್ ಅರ್ಧಕ್ಕೆ ನಿಂತಿದ್ದರೆ ಜಾಗ ಮಾಡಿಕೊಂಡ ಮೇಲೆ ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’ ಕೊಡಿ, ಬಿಟ್ಟಲ್ಲಿಂದ ಮುಂದುವರಿಯುತ್ತದೆ.

ಇಷ್ಟಾದರೂ ಸಾಲದಿದ್ದರೆ ಗೋಡೆಯನ್ನೇ ಸರಿಸಬೇಕು. ಲೈವ್ ಪೆನ್‌ಡ್ರೈವ್‌ನಿಂದ (ಉಬುಂಟು ನೇರವಾಗಿ ಓಡುವ ಪೆನ್‌ಡ್ರೈವ್) ಬೂಟ್ ಮಾಡಿ, ಪಾರ್ಟಿಶನ್ ಬದಲಿಸುವ ಜಿಪಾರ್ಟೆಡ್‌ನಲ್ಲಿ ಹೋಮ್ ಕುಗ್ಗಿಸಿ ರೂಟ್ ಹಿಗ್ಗಿಸಬಹುದು, ಎರಡೂ ಅಕ್ಕಪಕ್ಕ ಇದ್ದರೆ. ಗಿರಣಿ ಲೆಕ್ಕವನ್ನೆಲ್ಲ ಮೊದಲು ಬೇರೆ ಡಿಸ್ಕಿಗೆ ಕಾಪಿ ಮಾಡಿ. ಕೆಲಸ ಗಂಟೆಗಟ್ಟಲೆ ಹಿಡಿಯಬಹುದು, ಮಧ್ಯೆ ಕರೆಂಟ್ ಹೋದರೆ ಡೇಟಾ ಹೋದ ಹಾಗೇ. ಗಿರಣಿ ಮೋಟರ್ ಶುರುವಾದಾಗ ಆಫೀಸಿನ ಲೈಟು ಮಿಣುಕುತ್ತದೆ ಅಲ್ವಾ? ಗಿರಣಿ ರಜೆ ಇರುವ ದಿನ, ಯುಪಿಎಸ್ ಇಟ್ಟುಕೊಂಡೇ ಕೂರಿ.